ಶಿಕಾರಿಪುರ-ಸೊರಬ ಸೀಮೆಯ ಮೊದಲ ಛಾಯಾಚಿತ್ರಗಳು

ಹೊಸ ಸೀಮೆಗೆ ಬಂದು ನೆಲೆಸಿದವರು ಯಾರೇ ಆಗಲಿ, ಬಿಡುವು ದೊರೆತ ಮೊದಲ ದಿನ ಊರ ಹೊರಗಿನ ದಿಬ್ಬವನ್ನೋ ಕೆರೆಯ ಏರಿಯನ್ನೋ ಹತ್ತಿ ಸುತ್ತಲೂ ನೋಡುತ್ತಾರೆ. ದಾರಿ ಯಾವ ಕಡೆಗೆ ಹೋಗುವುದು, ನೀರು ಯಾವ ಕಡೆಯಿಂದ ಬರುವುದು, ಕಾಡು ಎಲ್ಲಿ ಮೊದಲಾಗುವುದು ಎಂಬುದು ತಿಳಿಯುವವರೆಗೂ ಊರು ತಮ್ಮದೆನಿಸುವುದಿಲ್ಲ. ಈಗ ಅಂತಹ ನೋಟವನ್ನು ಹಿಡಿದಿಡುವುದು ಮಕ್ಕಳಾಟವೇ ಸರಿ. ಜೇಬಿನೊಳಗಿನ ದೂರವಾಣಿಯನ್ನೆತ್ತಿ ನಿಂತಲ್ಲಿಯೇ ಒಂದು ಸುತ್ತು ತಿರುಗಿದರೆ ದಿಗಂತವೆಲ್ಲ ಒಂದು ಉದ್ದನೆಯ ಚಿತ್ರವಾಗಿ ಬರುತ್ತದೆ. ಶಿವಮೊಗ್ಗ ಜಿಲ್ಲೆಯ ಉತ್ತರದ ತಾಲ್ಲೂಕುಗಳಾದ ಶಿಕಾರಿಪುರ ಮತ್ತು ಸೊರಬಗಳ ಸೀಮೆಗೆ ಛಾಯಾಯಂತ್ರವು ಮೊದಲು ಬಂದು ನೂರ ಅರವತ್ತು ವರ್ಷಗಳು ಮೀರಿವೆ. ಆದರೆ ಅದನ್ನು ಹೊತ್ತು ತಂದವರು ದಿಬ್ಬವನ್ನು ಹತ್ತಲಿಲ್ಲ. ನೇರವಾಗಿ ಕಲ್ಲಿನ ಮುಂದೆ ಹೋಗಿ ನಿಂತರು. ಅದರಿಂದ ಕನ್ನಡ ನಾಡಿನ ಇತಿಹಾಸಕ್ಕಾದ ಲಾಭ ಬಹಳ ದೊಡ್ಡದು. ನಷ್ಟವೂ ಆಯಿತು, ಅದನ್ನು ಎಣಿಸಿದವರು ಕಡಮೆ.

ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲವೆಂದಲ್ಲ. ಮಲೆನಾಡು ಬಯಲುಸೀಮೆಗೆ ಇಳಿಯುವ ಮೆಟ್ಟಿಲಿನಂತಿದೆ ಈ ಪ್ರದೇಶ. ಪಶ್ಚಿಮದಲ್ಲಿ ಚಂದ್ರಗುತ್ತಿಯ ಬೆಟ್ಟ, ಅದರ ಮೇಲಿನ ಹಳೆಯ ಕೋಟೆ, ಬೆಟ್ಟದ ಒಡಲಿನಲ್ಲಿ ರೇಣುಕಾಂಬೆಯ ಗುಹಾಲಯ. ಅದರ ಆಚೆ ವರದಾ ನದಿಯೂ ಬನವಾಸಿಯೂ. ನಡುವೆ ಸೊರಬದ ದಂಡಾವತಿ, ಅಡಕೆಯ ತೋಟಗಳು, ಗದ್ದೆಯ ಕೋವುಗಳು, ಗುಡ್ಡದ ಓರೆಗಳಲ್ಲಿ ಕಪ್ಪನೆಯ ಕಾನುಗಳು. ಪೂರ್ವಕ್ಕೆ ಬರುತ್ತ ಬರುತ್ತ ಮಳೆ ಕಡಮೆಯಾಗಿ, ಮರಗಳು ವಿರಳವಾಗಿ, ಕುಮುದ್ವತಿಯ ಬಯಲಿನಲ್ಲಿ ಶಿಕಾರಿಪುರ. ಅಲ್ಲಲ್ಲಿ ಕೆರೆಗಳು, ಕೆರೆಗಳ ದಡದಲ್ಲಿ ತಾಳಗುಂದ, ಬಳ್ಳಿಗಾವೆ, ಬಂದಳಿಕೆಗಳ ದೇವಾಲಯಗಳು. ೯೪೧ರಲ್ಲಿ ತನ್ನ ಭಾರತವನ್ನು ಮುಗಿಸಿದ ಪಂಪನು ಹಾಡಿ ಹೊಗಳಿದ ಬನವಾಸಿ ದೇಶವೆಂಬುದು ಇದೇ ನೆಲವನ್ನೊಳಗೊಂಡದ್ದು.

ಆಂಗ್ಲರಲ್ಲಿ ಈ ದಾರಿಯನ್ನು ಕಣ್ಣಿಟ್ಟು ನೋಡಿ ಬರೆದವರೊಳಗೆ ಮೊದಲಿಗರು ಫ್ರಾನ್ಸಿಸ್ ಬುಕಾನನ್ನರು. ಅವರು ೧೮೦೧ರಲ್ಲಿ ಬನವಾಸಿಯಿಂದ ಚಂದ್ರಗುತ್ತಿಯ ಮಾರ್ಗವಾಗಿ ಕೆಳದಿ ಇಕ್ಕೇರಿಗಳಿಗೆ ಹೋದರು. ಮಣ್ಣಿನ ಗುಣ, ಬೆಳೆಯ ಬಗೆ, ತೋಟದ ಆದಾಯ, ಕಾಡಿನ ಮರಗಳ ಹೆಸರು ಇವೆಲ್ಲವನ್ನೂ ದಿನದಿನಕ್ಕೆ ಬರೆದಿಟ್ಟುಕೊಂಡರು; ೧೮೦೭ರಲ್ಲಿ ಅದು ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅಕ್ಷರದಲ್ಲಿ ಬರೆದ ಸುತ್ತುನೋಟವೆಂದರೆ ಅದೇ. ಬಣ್ಣದಲ್ಲಿ ಬರೆದ ಸುತ್ತುನೋಟವೂ ಆ ಕಾಲದಲ್ಲಿ ಕನ್ನಡ ನಾಡಿನ ಪಾಲಿಗೆ ಬಂದಿತ್ತು. ೧೮೦೦ರಲ್ಲಿ ರಾಬರ್ಟ್ ಕೆರ್ ಪೋರ್ಟರನೆಂಬ ತರುಣ ಚಿತ್ರಗಾರನು ಶ್ರೀರಂಗಪಟ್ಟಣದ ಲಗ್ಗೆಯನ್ನು ೧೨೦ ಅಡಿ ಉದ್ದದ ಬಟ್ಟೆಯ ಮೇಲೆ ಚಿತ್ರಿಸಿ ಲಂಡನ್ನಿನಲ್ಲಿ ಪ್ರದರ್ಶಿಸಿದನು. ಜನ ಹಣ ಕೊಟ್ಟು, ನೂಕಿಕೊಂಡು ಬಂದು ನೋಡಿದರು. ಆ ಚಿತ್ರವನ್ನು ಮುಗಿಸುವುದಕ್ಕೆ ಅವನಿಗೆ ಆರು ವಾರಗಳು ಸಾಕಾದುವಂತೆ. ಆತನು ಹಿಂದೂಸ್ಥಾನವನ್ನು ಕಂಡವನೇ ಅಲ್ಲ! ಯುದ್ಧಕ್ಕೆ ಸುತ್ತುನೋಟ ದೊರೆಯಿತು, ನೆಲಕ್ಕೆ ದೊರೆಯಲಿಲ್ಲ.

ಛಾಯಾಚಿತ್ರ ವಿದ್ಯೆ ಕಾಣಿಸಿಕೊಂಡ ಮೇಲೆ ಈಸ್ಟ್ ಇಂಡಿಯಾ ಕಂಪೆನಿಯ ನಿರ್ದೇಶಕರಿಗೆ ಹೊಸದೊಂದು ಆಲೋಚನೆ ಹುಟ್ಟಿತು. ಪ್ರಾಚೀನ ಕಟ್ಟಡಗಳ ನಕಲು ತೆಗೆಯುವುದಕ್ಕೆ ಚಿತ್ರಗಾರರನ್ನಿಟ್ಟು ವರ್ಷಗಟ್ಟಲೆ ಸಂಬಳ ಕೊಡುವುದಕ್ಕಿಂತ ಛಾಯಾಚಿತ್ರ ತೆಗೆಸುವುದು ಅಗ್ಗವೂ ಹೌದು, ತಪ್ಪಿಲ್ಲದ್ದೂ ಹೌದು ಎಂದು ಅವರು ಎಣಿಸಿದರು. ಅದರಂತೆ ೧೮೫೫ರಲ್ಲಿ ಮುಂಬಯಿ ಸರ್ಕಾರದವರು ಫಿರಂಗಿದಳದ ಥಾಮಸ್ ಬಿಗ್ಸರನ್ನು ಆ ಕೆಲಸಕ್ಕೆ ನೇಮಿಸಿದರು. ಅವರು ಬಿಜಾಪುರ, ಬಾದಾಮಿ, ಐಹೊಳೆಗಳ ಚಿತ್ರಗಳನ್ನು ತೆಗೆಯುತ್ತಿರುವಾಗಲೇ ಸೈನ್ಯಕ್ಕೆ ಹಿಂದಿರುಗಬೇಕಾಯಿತು. ಅವರ ಸ್ಥಾನಕ್ಕೆ ಬಂದವರು ಮುಂಬಯಿಯ ವೈದ್ಯ ಇಲಾಖೆಯ ಡಾಕ್ಟರ್ ವಿಲಿಯಂ ಹೆನ್ರಿ ಪಿಗೌ. ೧೮೫೭ರ ಸುಮಾರಿನಲ್ಲಿ ಪಿಗೌ ಅವರು ಧಾರವಾಡ ಸೀಮೆಯನ್ನು ದಾಟಿ ಮೈಸೂರಿನ ಎಲ್ಲೆಯೊಳಗೆ ಬಂದು ಬಳ್ಳಿಗಾವೆಯನ್ನು ಮುಟ್ಟಿದರು. ಮುಂಬಯಿಯ ಸಂಬಳದವರು ಮೈಸೂರಿನ ಕಲ್ಲುಗಳ ಚಿತ್ರ ತೆಗೆದದ್ದು ವಿನೋದವಾಗಿ ತೋರಬಹುದು. ಆದರೆ ಚಾಲುಕ್ಯರ ಶಿಲ್ಪಿಗಳು ಕಂಪೆನಿಯ ಎಲ್ಲೆಗಳನ್ನು ಕೇಳಿಕೊಂಡು ದೇವಾಲಯಗಳನ್ನು ಕಟ್ಟಿರಲಿಲ್ಲವಷ್ಟೆ. ಪಿಗೌ ಅವರು ೧೮೫೮ರಲ್ಲಿಯೇ ತೀರಿಕೊಂಡರು. ಅವರ, ಬಿಗ್ಸರ ಮತ್ತು ಹಳೇಬೀಡು ಬೇಲೂರುಗಳ ಚಿತ್ರ ತೆಗೆದ ನೀಲ್ ಎಂಬವರ ಕೆಲಸವೆಲ್ಲ ಸೇರಿ, ಮೆಡೋಸ್ ಟೇಲರರ ಇತಿಹಾಸ ಕಥನದೊಡನೆ ಮತ್ತು ಜೇಮ್ಸ್ ಫರ್ಗುಸನ್ನರ ಶಿಲ್ಪವಿವರಣೆಯೊಡನೆ, ೧೮೬೬ರಲ್ಲಿ ಧಾರವಾಡ-ಮೈಸೂರುಗಳ ವಾಸ್ತುಶಿಲ್ಪವೆಂಬ ದೊಡ್ಡ ಗ್ರಂಥವಾಗಿ ಲಂಡನ್ನಿನಲ್ಲಿ ಹೊರಬಂದಿತು. ಅದೇ ವರ್ಷ ಹೋಪ್ ಎಂಬವರು ಪಿಗೌ ಮತ್ತು ಬಿಗ್ಸರು ತೆಗೆದ ಶಾಸನಗಳ ಚಿತ್ರಗಳನ್ನು ಬೇರೆಯಾಗಿ ಪ್ರಕಟಿಸಿದರು.

ಆ ಕಾಲದ ಛಾಯಾಚಿತ್ರಗಾರನ ಪಾಡನ್ನು ಈಗಿನವರು ಊಹಿಸುವುದು ಕಷ್ಟ. ಪಿಗೌ ಮತ್ತು ಬಿಗ್ಸರದು ಕಾಗದದ ನೆಗೆಟಿವ್ ಪದ್ಧತಿ. ರಜತ ಲವಣಗಳನ್ನು ಹೀರಿಸಿದ ಕಾಗದವನ್ನು ಯಂತ್ರದೊಳಗಿಟ್ಟು ಬಿಸಿಲಿನಲ್ಲಿಯೂ ನಿಮಿಷಗಟ್ಟಲೆ ಕಾಯಬೇಕು. ಆಮೇಲೆ ಬಳಕೆಗೆ ಬಂದ ಗಾಜಿನ ಫಲಕದ ಪದ್ಧತಿಯಲ್ಲಿ ಬೆಳಕಿಗೆ ಹಿಡಿಯುವ ಹೊತ್ತು ಕಡಮೆಯಾಯಿತು, ತೊಂದರೆ ಹೆಚ್ಚಾಯಿತು. ಗಾಜಿಗೆ ಲೇಪ ಹಚ್ಚಿ, ಅದು ಒಣಗುವ ಮೊದಲೇ ಚಿತ್ರ ತೆಗೆದು, ಒದ್ದೆಯಿರುವಾಗಲೇ ಕತ್ತಲೆಯ ಡೇರೆಯೊಳಗೆ ಕೊಂಡೊಯ್ದು ತೊಳೆಯಬೇಕು. ಡೇರೆ, ಔಷಧಗಳ ಸೀಸೆಗಳು, ಗಾಜಿನ ಪೆಟ್ಟಿಗೆಗಳು, ಮುಕ್ಕಾಲು ಪೀಠ ಇವೆಲ್ಲ ಗಾಡಿಯ ಮೇಲೆಯೋ ಆಳುಗಳ ತಲೆಯ ಮೇಲೆಯೋ ಸಾಗಬೇಕು. ಆಷಾಢ ಶ್ರಾವಣಗಳಲ್ಲಿ ಮಲೆನಾಡಿನ ಮಳೆಯೊಳಗೆ ಇದೊಂದೂ ನಡೆಯುವಂತಿಲ್ಲ. ಇನ್ನು ಸುತ್ತುನೋಟವೆಂದರೆ ಇಂತಹ ಫಲಕಗಳು ಐದೋ ಆರೋ ಬೇಕು. ಪೀಠವನ್ನು ಅಲುಗಿಸದೆ ಯಂತ್ರವನ್ನು ಮಾತ್ರ ಸಮಮಟ್ಟದಲ್ಲಿ ಸ್ವಲ್ಪ ಸ್ವಲ್ಪವಾಗಿ ತಿರುಗಿಸುತ್ತ, ಒಂದು ಚಿತ್ರದ ಅಂಚು ಮುಂದಿನದರ ಅಂಚಿನಲ್ಲಿ ಮತ್ತೆ ಬರುವಂತೆ ನೋಡಿಕೊಂಡು, ಆಮೇಲೆ ಪಡಿಯಚ್ಚುಗಳನ್ನು ಕತ್ತರಿಸಿ ಜೋಡಿಸಬೇಕು. ನಡುವೆ ಮೋಡ ಬಂದು ಬೆಳಕು ಬದಲಾದರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಆದರೂ ಕಷ್ಟವೊಂದೇ ಕಾರಣವೆನ್ನಲಾಗದು. ಮದರಾಸು ಸರ್ಕಾರದ ಛಾಯಾಚಿತ್ರಗಾರರಾಗಿದ್ದ ಲಿನೇಯಸ್ ಟ್ರೈಪರು ೧೮೫೮ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದಲ್ಲಿ ಇಂತಹ ಜೋಡಣೆಯನ್ನೇ ಮಾಡಿದರು. ೨೧ ಚಿತ್ರಗಳನ್ನು ಸಾಲಾಗಿ ಅಂಟಿಸಿ ಸುಮಾರು ೧೯ ಅಡಿ ಉದ್ದದ ಒಂದೇ ಪಟವನ್ನಾಗಿಸಿದರು. ಅದು ಯಾವುದರ ಚಿತ್ರ? ಕಾವೇರಿಯ ಬಯಲಿನದಲ್ಲ; ದೇವಾಲಯದ ಅಧಿಷ್ಠಾನದ ಮೇಲೆ ಕೆತ್ತಿದ ಶಾಸನದ್ದು. ಸಾಮರ್ಥ್ಯವಿತ್ತು, ಸಹನೆಯಿತ್ತು, ಎರಡೂ ಅಕ್ಷರಗಳ ಕಡೆಗೆ ಹರಿದುವು. ದೇಶದ ಹಳೆಯ ಚರಿತ್ರೆ ಕಲ್ಲಿನಲ್ಲಿ ಹುದುಗಿದೆಯೆಂದು ಆಗತಾನೆ ತಿಳಿಯುತ್ತಿದ್ದ ಕಾಲವದು.

ಮೈಸೂರಿನಲ್ಲಿಯೂ ಹಾಗೆಯೇ ಆಯಿತು. ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗರ ಆಜ್ಞೆಯಂತೆ ೧೮೬೫ರಲ್ಲಿ ಮೇಜರ್ ಡಿಕ್ಸನ್ನರು ಸಂಸ್ಥಾನದ ಶಾಸನಗಳ ಛಾಯಾಚಿತ್ರಗಳನ್ನು ತೆಗೆದರು. ಅವುಗಳಲ್ಲಿ ಬಳ್ಳಿಗಾವೆಯ ಪಾಲು ದೊಡ್ಡದು. ಆಂಗ್ಲರ ಬರವಣಿಗೆಯಲ್ಲಿ ಆ ಊರು ಬೆಳಗಾಮಿ, ಬಳಗಾಮಿ ಎಂದೆಲ್ಲ ರೂಪಾಂತರ ಹೊಂದಿತು. ಪಿಗೌ, ಬಿಗ್ಸ್ ಮತ್ತು ಡಿಕ್ಸನ್ನರ ಚಿತ್ರಗಳನ್ನು ಆಧರಿಸಿ ಫ್ಲೀಟರು ೧೮೭೮ರಲ್ಲಿ ಒಂದು ಸಂಗ್ರಹವನ್ನು ಸಿದ್ಧಪಡಿಸಿದರು. ಮರುವರ್ಷ, ಬೆಂಗಳೂರಿನಲ್ಲಿಯೇ ಹುಟ್ಟಿ ಕನ್ನಡವನ್ನು ಬಲ್ಲವರಾಗಿದ್ದ ಲೂಯಿ ರೈಸರು ಡಿಕ್ಸನ್ನರ ಚಿತ್ರಗಳನ್ನು ಮುಂದಿಟ್ಟುಕೊಂಡು ಮೈಸೂರು ಶಾಸನಗಳ ಅನುವಾದವನ್ನು ಪ್ರಕಟಿಸಿದರು. ಇದು ಆರಂಭ. ಮುಂದೆ ರೈಸರು ಕಲ್ಲುಗಳ ಬಳಿಗೇ ಹೋಗಿ ಅಚ್ಚು ತೆಗೆಯಿಸಿ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ಸುಮಾರು ೯,೦೦೦ ಶಾಸನಗಳನ್ನು ಬೆಳಕಿಗೆ ತಂದರು. ೧೯೦೨ರ ಏಳನೆಯ ಸಂಪುಟದಲ್ಲಿ ಶಿಕಾರಿಪುರವೂ ೧೯೦೪ರ ಎಂಟನೆಯದರಲ್ಲಿ ಸೊರಬವೂ ಸೇರಿವೆ. ಕದಂಬರ ಮೂಲವನ್ನು ತಿಳಿಸುವ ತಾಳಗುಂದದ ಸ್ತಂಭಶಾಸನವು ೧೮೯೪ರಲ್ಲಿ ವಿದ್ವಾಂಸರಿಗೆ ಪರಿಚಯವಾದುದೂ ರೈಸರಿಂದಲೇ. ಆ ಮೊದಲ ಫಲಕಗಳಿಲ್ಲದಿದ್ದರೆ ಈ ದಾರಿ ಇಷ್ಟು ಬೇಗ ತೆರೆಯುತ್ತಿತ್ತೆಂದು ಹೇಳುವಂತಿಲ್ಲ.

ಇಲ್ಲಿಯೇ ಒಂದು ವಿಚಿತ್ರವನ್ನು ಗಮನಿಸಬೇಕು. ಶಾಸನವನ್ನು ಓದಬೇಕಾದರೆ ಫಲಕದ ತುಂಬ ಕಲ್ಲೇ ಇರಬೇಕು. ಆಕಾಶ, ಮರ, ದಾರಿ, ಮನೆ ಇವೆಲ್ಲ ಅಡ್ಡಿ. ಆದರೆ ಹೀಗೆ ನೆಲವನ್ನು ಹೊರಗಿಟ್ಟು ತೆಗೆದ ಆ ಕಲ್ಲುಗಳೊಳಗೆ ಬರೆದಿರುವುದೇನು? ಬಹುಮಟ್ಟಿಗೆ ನೆಲದ ಮಾತೇ! ದಾನಶಾಸನವು ರಾಜನ ಬಿರುದುಗಳನ್ನು ಹೇಳಿ ಮುಗಿಸಿದ ಮೇಲೆ ಭೂಮಿಗೆ ಇಳಿಯುತ್ತದೆ. ಕೊಟ್ಟ ಗದ್ದೆ ಯಾವ ಕೆರೆಯ ಕೆಳಗಿನದು, ಯಾವ ಗಳೆಯಿಂದ ಅಳೆದದ್ದು ಎಂದು ಹೇಳುತ್ತದೆ. ಆಮೇಲೆ ಮೂಡಣದಿಂದಲೋ ಈಶಾನ್ಯದಿಂದಲೋ ಹಿಡಿದು ದಿಕ್ಕು ದಿಕ್ಕಿಗೆ ತಿರುಗುತ್ತ, ನಟ್ಟ ಕಲ್ಲು, ಹುತ್ತ, ಹುಣಿಸೆಯ ಮರ, ಹಳ್ಳಗಳ ಕೂಡಲು, ಹಿರಿಯ ದಾರಿ ಎಂದು ಎಲ್ಲೆಗಳನ್ನು ಎಣಿಸಿ, ಹೊರಟಲ್ಲಿಗೆ ಬಂದು ನಿಲ್ಲುತ್ತದೆ. ಹೊಲದ ನಡುವೆ ನಿಂತು ಒಂದು ಸುತ್ತು ತಿರುಗಿದವನ ನೋಟವಲ್ಲದೆ ಇದು ಮತ್ತೇನು? ಸೇನಬೋವರು ಅದನ್ನು ಹಳಗನ್ನಡದಲ್ಲಿ ಬರೆದರು, ಕಲ್ಲುಕುಟಿಗರು ಕೆತ್ತಿದರು. ಛಾಯಾಚಿತ್ರಗಾರರು ಹೊಲದ ಕಡೆಗೆ ಬೆನ್ನು ಮಾಡಿ ನಿಂತು ಆ ಬರಹದ ಚಿತ್ರವನ್ನು ತೆಗೆದರು.

ಬಳ್ಳಿಗಾವೆಯಲ್ಲಿ ಹೆಸರುಗಳೇ ಈ ಮಾತನ್ನು ಹೇಳುತ್ತವೆ. ೧೧೬೨ರ ಶಾಸನವು ವೇದ, ವ್ಯಾಕರಣ, ದರ್ಶನಗಳ ಅಧ್ಯಯನಕ್ಕೂ ದೀನರ ಅನ್ನಕ್ಕೂ ರೋಗಿಗಳ ಔಷಧಕ್ಕೂ ನೆಲೆಯೆಂದು ವರ್ಣಿಸುವ ಕಾಳಾಮುಖರ ಮಠಕ್ಕೆ ಕೋಡಿಯ ಮಠವೆಂದು ಹೆಸರು. ಕೆರೆಯ ಕೋಡಿಯಲ್ಲಿದ್ದುದರಿಂದ ಆ ಹೆಸರು. ೧೦೪೭ರಲ್ಲಿ ಚಾಮುಂಡರಾಯರಸನು ನಿಲ್ಲಿಸಿದ ಗಂಡಭೇರುಂಡದ ಕಂಬ ಇಂದಿಗೂ ನಿಂತಿದೆ. ಭೂಮಿಯನ್ನು ಅಳೆಯುವ ಭೇರುಂಡಗಳೆಯೆಂಬುದೂ ಅಲ್ಲಿನ ಶಾಸನಗಳಲ್ಲಿ ಬರುತ್ತದೆ. ತಾಳಗುಂದದ ಸ್ತಂಭದಲ್ಲಿ ಕವಿ ಕುಬ್ಜನು ಮಯೂರಶರ್ಮನ ಕಥೆಯನ್ನೆಲ್ಲ ಹೇಳಿದುದು ಕಾಕುಸ್ಥವರ್ಮನು ದೇವಾಲಯದ ಬಳಿ ಕಟ್ಟಿಸಿದ ಕೆರೆಯೊಂದರ ಸಲುವಾಗಿ. ಕೆರೆಯನ್ನು ಬಿಟ್ಟು ಮಠವನ್ನು, ಎಲ್ಲೆಯನ್ನು ಬಿಟ್ಟು ದಾನವನ್ನು ಅರ್ಥಮಾಡಿಕೊಳ್ಳುವುದು ಹೇಗೆ? ಅನೇಕ ಕಲ್ಲುಗಳನ್ನು ಮುಂದೆ ರಕ್ಷಣೆಗಾಗಿ ಕಿತ್ತು ತಂದು ದೇವಾಲಯದ ಆವರಣದಲ್ಲಿ ಸಾಲಾಗಿ ನಿಲ್ಲಿಸಿದರು. ಮಾಡಬೇಕಾದ ಕೆಲಸವೇ. ಆದರೆ ಯಾವ ಕಲ್ಲು ಯಾವ ಗದ್ದೆಯ ತಲೆಯಲ್ಲಿ, ಯಾವ ಮರದ ಕೆಳಗೆ ನಿಂತಿತ್ತೆಂಬುದನ್ನು ಕಲ್ಲನ್ನು ಮಾತ್ರ ಹಿಡಿದ ಫಲಕ ಹೇಳಲಾರದು.

ಸೊರಬದ ಕಡೆಗೆ ಬಂದರೆ ನಷ್ಟ ಇನ್ನೂ ಸ್ಪಷ್ಟವಾಗುತ್ತದೆ. ಡಿಕ್ಸನ್ನರ ಕೆಲಸವಾಗಿ ಮೂರೇ ವರ್ಷಕ್ಕೆ, ೧೮೬೮ರಲ್ಲಿ, ಹಿಂದೂಸ್ಥಾನದ ಅರಣ್ಯಾಧಿಪತಿಗಳಾಗಿದ್ದ ಡೀಟ್ರಿಚ್ ಬ್ರಾಂಡಿಸರೂ ಗ್ರಾಂಟ್ ಎಂಬವರೂ ಕೂಡಿ ಸೊರಬ ತಾಲ್ಲೂಕಿನ ಕಾನುಗಳ ವಿಚಾರವಾಗಿ ಒಂದು ವರದಿಯನ್ನು ಬರೆದರು. ಕಾನೆಂದರೆ ಬರಿಯ ಕಾಡಲ್ಲ. ವರ್ಷವಿಡೀ ಹಸುರಾಗಿರುವ, ಬಿಸಿಲು ನೆಲಕ್ಕೆ ಬೀಳದಷ್ಟು ದಟ್ಟವಾದ ತೋಪು. ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಕಳ್ಳಿಳಿಸುವ ಬಗನಿ, ಒಳಗೊಂದು ದೈವದ ನೆಲೆ, ಬುಡದಲ್ಲಿ ಬತ್ತದ ಒರತೆ. ಆ ಒರತೆಯಿಂದ ಕೆಳಗಿನ ತೋಟ ಗದ್ದೆಗಳಿಗೆ ನೀರು. ಅಕ್ಕಪಕ್ಕದ ಊರವರು ತಲೆತಲಾಂತರದಿಂದ ಕಾಯ್ದುಕೊಂಡು ಬಂದವು. ಅಂತಹ ಕಾನುಗಳು ಆ ಒಂದು ತಾಲ್ಲೂಕಿನಲ್ಲಿಯೇ ೧೭೧ ಇದ್ದುವು. ವಿಸ್ತಾರ ಸುಮಾರು ೩೨,೦೦೦ ಎಕರೆ. ಅವು ಸರ್ಕಾರದ ಹತೋಟಿಗೆ ಬಂದು, ಊರವರ ಹಕ್ಕು ಸಡಿಲವಾಗಿ, ಕೊಡಲಿಗೂ ಸಾಗುವಳಿಗೂ ಸಿಕ್ಕಿ ಬಹಳವಾಗಿ ಕುಗ್ಗಿದುವು. ಅವು ಅಂದು ಎಷ್ಟು ದಟ್ಟವಾಗಿದ್ದುವು, ಒಂದರಿಂದ ಮತ್ತೊಂದಕ್ಕೆ ಎಷ್ಟು ಬಯಲಿತ್ತು, ಯಾವ ಕಾನಿನ ಅಂಚು ಯಾವ ತೋಟವನ್ನು ಮುಟ್ಟಿತ್ತು ಎಂಬುದನ್ನು ವರದಿಯ ಅಂಕಿಗಳಿಂದ ಕಲ್ಪಿಸಿಕೊಳ್ಳಬೇಕೇ ಹೊರತು ಕಣ್ಣಾರೆ ನೋಡುವಂತಿಲ್ಲ. ಚಂದ್ರಗುತ್ತಿಯ ಕೋಟೆಯ ಮೇಲಿನಿಂದ ಆರು ಫಲಕಗಳನ್ನು ಆ ದಶಕದಲ್ಲಿ ಯಾರಾದರೂ ತೆಗೆದಿದ್ದರೆ, ಇಂದು ಕಾನಿನ ಹಳೆಯ ಗಡಿಯ ವಿಚಾರ ಬಂದಾಗ ತೋರಿಸುವುದಕ್ಕೆ ಒಂದು ಆಧಾರವಿರುತ್ತಿತ್ತು.

ಹಾಗೆಂದು ಪಿಗೌ, ಡಿಕ್ಸನ್ನರನ್ನು ದೂರುವುದು ನ್ಯಾಯವಲ್ಲ. ಅವರಿಗಾದ ಆಜ್ಞೆ ಕಲ್ಲಿನದು. ಅದನ್ನು ಅವರು ಚೆನ್ನಾಗಿ ಪಾಲಿಸಿದರು. ಮಳೆ ಬಿಸಿಲುಗಳಿಗೆ ಸವೆಯುತ್ತ ಬಂದ ಎಷ್ಟೋ ಸಾಲುಗಳಿಗೆ ಹಳೆಯ ಚಿತ್ರಗಳೇ ಸಾಕ್ಷಿ. ನೋಟವನ್ನು ಅವರು ಬಿಟ್ಟುಹೋದರೂ ಅದಕ್ಕೆ ಕೈಮರವನ್ನು ಉಳಿಸಿಹೋದರೆಂದೇ ಹೇಳಬೇಕು. ಬಳ್ಳಿಗಾವೆಯ ದಾನಶಾಸನವೊಂದರ ಎಲ್ಲೆಯ ಸಾಲುಗಳನ್ನು ಕೈಯಲ್ಲಿ ಹಿಡಿದು, ಅದೇ ಕ್ರಮದಲ್ಲಿ ಮೂಡಣದಿಂದ ಪ್ರದಕ್ಷಿಣವಾಗಿ ಯಂತ್ರವನ್ನು ತಿರುಗಿಸುತ್ತ ಬಂದರೆ, ಹುಣಿಸೆಯೂ ಹುತ್ತವೂ ಹೋಗಿದ್ದರೂ ಕೆರೆಯ ಏರಿಯೂ ಹಳ್ಳದ ತಿರುವೂ ಇನ್ನೂ ಚಿತ್ರದೊಳಗೆ ಬರುತ್ತವೆ.