ಏರಿಯ ಮೇಲಿನ ಹೆಸರುಗಳು

ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಕನ್ನಡಿಗರಿಗೆ ಕಡಲು ಬಲು ದೂರ. ಕಾಸರಗೋಡಿನ ಬಂಧುಗಳು ಬೇಕಲದ ಕೋಟೆಯ ಮೇಲೆ ನಿಂತರೆ ಕಣ್ಣು ಹಾಯಿಸಿದಷ್ಟೂ ಕಡಲೇ. ನಮಗೆ ನೀರ ದಡದ ತಿರುಗಾಟವೆಂದರೆ ಹೈದರಾಬಾದಿನ ಹುಸೇನ್ ಸಾಗರದ ಏರಿ. ಎಲ್ಲರ ಬಾಯಲ್ಲೂ ಅದು ‘ಟ್ಯಾಂಕ್‌ಬಂಡ್’. ಜಹೀರಾಬಾದಿನಿಂದ ಅಲ್ಲಿಗೆ ಸುಮಾರು 100 ಕಿಲೋಮೀಟರ್. ಆಸ್ಪತ್ರೆಗೋ ಕಚೇರಿಯ ಕೆಲಸಕ್ಕೋ ಹೋದವರು ಸಂಜೆ ಅಲ್ಲಿ ಅರ್ಧ ಗಂಟೆ ಕುಳಿತು, ಗಾಳಿ ಸೇವಿಸಿ, ಊರಿನ ಬಸ್ಸು ಹಿಡಿಯುತ್ತಾರೆ. ಆ ಏರಿಗೆ ನಮ್ಮ ನಾಡಿನೊಡನೆಯೂ ಒಂದು ನಂಟಿದೆ ಎಂಬುದನ್ನು ಬಲ್ಲವರು ಕಡಿಮೆ.

ಈ ಕೆರೆ ನಿರ್ಮಾಣವಾದದ್ದು 1562ರ ಸುಮಾರಿಗೆ, ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹನ ಆಳ್ವಿಕೆಯಲ್ಲಿ. ಹೈದರಾಬಾದ್ ನಗರಕ್ಕೆ ಬುನಾದಿ ಬಿದ್ದದ್ದು 1591ರಲ್ಲಿ. ಅಂದರೆ ಊರಿಗಿಂತ ಕೆರೆಯೇ ಹಿರಿಯದು. ಕಟ್ಟಿಸಿದವನು ಅರಸ, ಆದರೆ ಕೆರೆಗೆ ನಿಂತ ಹೆಸರು ಕೆಲಸದ ಹೊಣೆ ಹೊತ್ತ ಹುಸೇನ್ ಶಾ ವಲಿಯವರದು. ಮುಂದೆ ಬ್ರಿಟಿಷರ ದಂಡಿನಿಂದ ಸಿಕಂದರಾಬಾದ್ ಬೆಳೆದಾಗ, ಎರಡು ಊರುಗಳನ್ನು ಬೆಸೆಯುವ ದಾರಿ ಈ ಏರಿಯೇ ಆಯಿತು.

ಇಂದು ನಾವು ಕಾಣುವ ಅಗಲವಾದ ರಸ್ತೆಯ ಹಿಂದೆ ಇರುವವರು ಬೆಂಗಳೂರಿನಲ್ಲಿ ಹುಟ್ಟಿದ ಸರ್ ಮಿರ್ಜಾ ಇಸ್ಮಾಯಿಲ್. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದು, ಕನ್ನಂಬಾಡಿ ಕಟ್ಟೆಯ ಕೆಳಗೆ ಬೃಂದಾವನವನ್ನು ಅರಳಿಸಿದವರು ಅವರು. 1946ರಲ್ಲಿ ನಿಜಾಮರ ಪ್ರಧಾನಮಂತ್ರಿಯಾಗಿ ಹೈದರಾಬಾದಿಗೆ ಬಂದರು. ಒಂದು ವರ್ಷವೂ ತುಂಬುವ ಮೊದಲೇ, 1947ರಲ್ಲಿ, ಆ ಪದವಿಯನ್ನು ಬಿಟ್ಟು ಹೊರಡಬೇಕಾಯಿತು. ಆ ಅಲ್ಪ ಕಾಲದಲ್ಲೇ ಏರಿಯ ರಸ್ತೆಯನ್ನು ಅಗಲ ಮಾಡಿಸಿದರು. ನೀರಿದ್ದಲ್ಲಿ ಜನ ನಡೆದಾಡಬೇಕು ಎಂಬ ಮೈಸೂರಿನ ಅಭಿರುಚಿ ಹೀಗೆ ಮೂಸಿಯ ಸೀಮೆಗೂ ಬಂತು ಎನ್ನಬಹುದು.

ಆದರೆ ಏರಿಯ ಮೇಲೆ ಮಿರ್ಜಾ ಅವರ ಮೂರ್ತಿಯನ್ನು ಹುಡುಕಿದರೆ ಸಿಗದು. 1986ರಲ್ಲಿ ಎನ್. ಟಿ. ರಾಮರಾವ್ ಅವರ ಸರ್ಕಾರ ತೆಲುಗು ನಾಡಿನ 33 ಮಹನೀಯರ ಮೂರ್ತಿಗಳನ್ನು ಅಲ್ಲಿ ನಿಲ್ಲಿಸಿತು. ನನ್ನಯ, ತಿಕ್ಕನ, ಮೊಲ್ಲ, ವೇಮನರ ಸಾಲಿನಲ್ಲಿ ನಮಗೂ ಆಪ್ತರಾದ ಇಬ್ಬರಿದ್ದಾರೆ: ಕೃಷ್ಣದೇವರಾಯ ಮತ್ತು ಬಳ್ಳಾರಿ ರಾಘವ. ವೃತ್ತಿಯಿಂದ ವಕೀಲರಾಗಿದ್ದ ರಾಘವರು ತೆಲುಗು ರಂಗಭೂಮಿಯ ಮೇರುನಟ. ಕನ್ನಡದಲ್ಲೂ ಬಣ್ಣ ಹಚ್ಚಿದವರು. ಅವರು 1946ರಲ್ಲಿ ತೀರಿಕೊಂಡಾಗ ಬಳ್ಳಾರಿ ಮದರಾಸು ಪ್ರಾಂತ್ಯದಲ್ಲಿತ್ತು. 1953ರ ಅಕ್ಟೋಬರ್ 1ರಂದು ಅದು ಮೈಸೂರಿಗೆ ಸೇರಿತು. ಊರು ಇತ್ತ ಬಂತು, ಮೂರ್ತಿ ಅತ್ತ ನಿಂತಿತು. ಇದರಲ್ಲಿ ಆಕ್ಷೇಪಿಸುವುದೇನೂ ಇಲ್ಲ. ಗಡಿಯ ಮನುಷ್ಯ ಎರಡೂ ಕಡೆಗೆ ಸಲ್ಲುತ್ತಾನೆ.

ಕಲ್ಲು, ಕಂಚಿನ ಗೌರವವೂ ಶಾಶ್ವತವಲ್ಲ. 2011ರ ಮಾರ್ಚ್ 10ರಂದು ತೆಲಂಗಾಣ ಹೋರಾಟದ ಜನಸಾಗರ ಏರಿಗೆ ನುಗ್ಗಿದಾಗ ಹಲವು ಮೂರ್ತಿಗಳು ಉರುಳಿದವು, ಕೆಲವು ಕೆರೆಯ ಪಾಲಾದವು. ತಮ್ಮವರಿಗೆ ಅಲ್ಲಿ ತಕ್ಕ ಸ್ಥಾನ ಸಿಗಲಿಲ್ಲ ಎಂಬ ಕುದಿ ಅದರ ಹಿಂದೆ ಇತ್ತು. ಮುಂದೆ ಮೂರ್ತಿಗಳನ್ನು ಮತ್ತೆ ನಿಲ್ಲಿಸಲಾಯಿತು.

ಇಟಲಿಯ ಈಶಾನ್ಯದ ಕಡಲೂರು ತ್ರಿಯೆಸ್ತೆಯ ಕತೆಯೂ ಇಂಥದೇ. ಅಲ್ಲಿ ಕಡಲೊಳಗೆ ಚಾಚಿಕೊಂಡ, ಸುಮಾರು 250 ಮೀಟರ್ ಉದ್ದದ ಕಲ್ಲುಕಟ್ಟೆಯೊಂದಿದೆ. ಸಂಜೆಯಾದರೆ ಊರವರೆಲ್ಲ ಅದರ ತುದಿಯವರೆಗೆ ನಡೆದು ಬರುತ್ತಾರೆ. ಹದಿನೆಂಟನೆಯ ಶತಮಾನದಲ್ಲಿ, ಮುಳುಗಿದ ‘ಸಾನ್ ಕಾರ್ಲೋ’ ಹಡಗಿನ ಅವಶೇಷದ ಮೇಲೆ ಅದನ್ನು ಕಟ್ಟಿದ್ದರಿಂದ ಹಡಗಿನ ಹೆಸರೇ ಅದಕ್ಕಿತ್ತು. ಆಗ ಊರು ಆಸ್ಟ್ರಿಯಾದ ಅರಸರದು. 1918ರ ನವೆಂಬರ್ 3ರಂದು ಇಟಲಿಯ ಯುದ್ಧನೌಕೆ ‘ಔದಾಚೆ’ ಅಲ್ಲಿಗೆ ಬಂದು ನಿಂತಿತು. ಮುಂದೆ ಕಟ್ಟೆಗೆ ಆ ಹೆಸರಾಯಿತು. ಊರಿನಲ್ಲಿದ್ದ ಸ್ಲೊವೇನ್ ನುಡಿಯವರು ರಾತ್ರಿ ಬೆಳಗಾಗುವುದರೊಳಗೆ ಪರರಾಜ್ಯದ ಅಲ್ಪಸಂಖ್ಯಾತರಾದರು. 1920ರ ಜುಲೈ 13ರಂದು ಅವರ ಸಂಸ್ಕೃತಿ ಭವನ ‘ನಾರೋದ್ನಿ ದೋಮ್’ಗೆ ಬೆಂಕಿ ಬಿತ್ತು. ಶಾಲೆಗಳೂ ಮುಚ್ಚಿದವು.

ನಮ್ಮ ಪಾಲಿಗೆ ಅಂಥ ಬೆಂಕಿ ಬರಲಿಲ್ಲ; ನಮ್ಮದು ಕಾಗದದ ಮೇಲಿನ ಬದಲಾವಣೆ. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯ ಜಹೀರಾಬಾದ್ (ನಿರ್ಣಾ ವಲಯ ಬಿಟ್ಟು), ನಾರಾಯಣಖೇಡ ತಾಲ್ಲೂಕುಗಳೂ ನ್ಯಾಲ್ಕಲ್ ವಲಯವೂ, ಗುಲಬರ್ಗಾ ಜಿಲ್ಲೆಯ ತಾಂಡೂರೂ ಆಂಧ್ರಪ್ರದೇಶಕ್ಕೆ ಸೇರಿದವು. ಅದೇ ದಿನ ಕಾಸರಗೋಡು ಕೇರಳದ್ದಾಯಿತು. 2014ರಲ್ಲಿ ನಾವು ತೆಲಂಗಾಣದವರಾದೆವು. ನೆರೆಹೊರೆಯ ತೆಲುಗರು, ಉರ್ದು ಮಾತಿನವರು ನಮ್ಮನ್ನು ಪರಕೀಯರೆಂದು ಕಂಡವರಲ್ಲ. ಝರಾಸಂಗಮದ ಕೇತಕಿ ಸಂಗಮೇಶ್ವರನ ಗುಡಿಗೆ ಬೀದರಿನ ಭಕ್ತರು ಇಂದಿಗೂ ಬರುತ್ತಾರೆ. ಮಾತು ಹೇಗೋ ಉಳಿದಿದೆ; ಕ್ಷೀಣಿಸುತ್ತಿರುವುದು ಅಕ್ಷರ. ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವರಿಗೆ ಇದು ಬೇಗ ಕಾಣುತ್ತದೆ. ಅಜ್ಜ ಕನ್ನಡದಲ್ಲಿ ದುಂಡಗೆ ಸಹಿ ಮಾಡುತ್ತಾರೆ. ಜೊತೆಗೆ ಬಂದ ಮೊಮ್ಮಗ ಮನೆಯಲ್ಲಿ ಕನ್ನಡವನ್ನೇ ಆಡುತ್ತಾನೆ, ಆದರೆ ಆ ಸಹಿಯನ್ನು ಓದಲಾರ.

ನಮ್ಮನ್ನು ಹಂಚಿದ ದಿನವೇ ಒಂದು ಆಸರೆಯೂ ಸಿಕ್ಕಿತ್ತು. ಸಂವಿಧಾನದ ಏಳನೆಯ ತಿದ್ದುಪಡಿಯಿಂದ ಬಂದ 350ಎ ವಿಧಿಯೂ 1956ರ ನವೆಂಬರ್ 1ರಂದೇ ಜಾರಿಗೆ ಬಂತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ತಕ್ಕ ಅನುಕೂಲ ಒದಗಿಸಲು ಪ್ರತಿ ರಾಜ್ಯವೂ ಯತ್ನಿಸಬೇಕು ಎಂದು ಅದು ಹೇಳುತ್ತದೆ. ಆದರೆ ಕೇಳುವವರಿಲ್ಲದಿದ್ದರೆ ವಿಧಿ ಪುಸ್ತಕದಲ್ಲೇ ಉಳಿಯುತ್ತದೆ.

ತ್ರಿಯೆಸ್ತೆಯ ಸ್ಲೊವೇನರು ಕೇಳುವುದನ್ನು ಬಿಡಲಿಲ್ಲ. 2001ರಲ್ಲಿ ಇಟಲಿ ಅವರ ನುಡಿಯ ರಕ್ಷಣೆಗೆ ಕಾಯ್ದೆ ಮಾಡಿತು. 2020ರ ಜುಲೈ 13ರಂದು, ಸುಟ್ಟು ಸರಿಯಾಗಿ 100 ವರ್ಷಕ್ಕೆ, ಆ ಭವನವನ್ನು ಅವರಿಗೆ ಮರಳಿಸುವ ಪತ್ರಕ್ಕೆ ಸಹಿ ಬಿತ್ತು. ಕಡಲ ಕಟ್ಟೆಗೆ ಇಂದಿಗೂ ಯುದ್ಧನೌಕೆಯ ಹೆಸರೇ ಇದೆ. ಅದನ್ನು ಬದಲಿಸಲು ಅವರು ಹೋರಾಡಬೇಕಾಗಿರಲಿಲ್ಲ. ನಮಗೂ ಏರಿಯ ಮೇಲೆ ಮೂರ್ತಿ ಬೇಡ. ಜಹೀರಾಬಾದಿನ ಮಗುವೂ ಮಂಜೇಶ್ವರದ ಮಗುವೂ ತನ್ನ ಅಜ್ಜನ ಸಹಿಯನ್ನು ಓದುವಂತಾದರೆ ಸಾಕು. ಅದಕ್ಕೆ ಯಾವ ಸರ್ಕಾರವನ್ನೂ ಕಾಯಬೇಕಿಲ್ಲ. ಒಂದು ಸ್ಲೇಟು, ಸಂಜೆಯ ಅರ್ಧ ಗಂಟೆ ಇದ್ದರೆ ಆರಂಭಿಸಬಹುದು.