ಸಮೀಕ್ಷೆ
‘ಸಮ್’ ಎಂಬ ಉಪಸರ್ಗವೂ ನೋಡು ಎಂಬರ್ಥದ ‘ಈಕ್ಷ್’ ಎಂಬ ಸಂಸ್ಕೃತ ಧಾತುವೂ ಕೂಡಿ ಹುಟ್ಟಿದ ‘ಸಮೀಕ್ಷೆ’ಗೆ ಸಮಗ್ರವಾಗಿ ನೋಡುವುದೆಂಬುದು ಮೂಲಾರ್ಥ. ಪರೀಕ್ಷೆ, ನಿರೀಕ್ಷೆಗಳಂತೆ ‘ಕಡೆಗಣಿಸುವುದು’ ಎಂಬರ್ಥದ ಉಪೇಕ್ಷೆಯೂ ಅದೇ ಧಾತುವಿನದೆಂಬುದು ಗಮನಾರ್ಹ. ಕನ್ನಡದಲ್ಲಿ ಕೃತಿವಿಮರ್ಶೆಗೂ ಸಲ್ಲುವ ಈ ಪದ, ಆಡಳಿತದ ಬಳಕೆಯಲ್ಲಿ ಜನಜೀವನದ ಸ್ಥಿತಿಗತಿಗಳನ್ನು ಕ್ರಮವಾಗಿ ಕೇಳಿ ದಾಖಲಿಸುವ ಸಂಶೋಧನೆಯನ್ನು ಸೂಚಿಸುತ್ತದೆ. 1972ರಲ್ಲಿ ದೇವರಾಜ ಅರಸು ಸರ್ಕಾರ ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ನೇಮಿಸಿದ ಹಿಂದುಳಿದ ವರ್ಗಗಳ ಆಯೋಗವು ಸಾಮಾಜಿಕ-ಆರ್ಥಿಕ ಸಮೀಕ್ಷೆಯನ್ನು ನಡೆಸಿ 1975ರಲ್ಲಿ ಕೊಟ್ಟ ವರದಿ ಕರ್ನಾಟಕದ ಮೀಸಲಾತಿ ನೀತಿಗೆ ತಳಹದಿಯಾಯಿತಲ್ಲದೆ, ಅದುವರೆಗೆ ಲೆಕ್ಕಕ್ಕೇ ಬಾರದಿದ್ದ ಸಣ್ಣ ಸಮುದಾಯಗಳಿಗೆ ಅಧಿಕಾರದಲ್ಲಿ ಪಾಲು ಕೇಳಲು ಆಧಾರವನ್ನೂ ಒದಗಿಸಿತು. ಗಣತಿಯೆಂದರೆ ತಲೆಯೆಣಿಕೆ, ಸಮೀಕ್ಷೆಯೆಂದರೆ ಬದುಕಿನ ಅವಲೋಕನ ಎಂಬ ವ್ಯತ್ಯಾಸ ಉಳಿಯಬೇಕಾದದ್ದು. ಆದರೆ 2015ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆಡುಮಾತಿನಲ್ಲಿ ‘ಜಾತಿಗಣತಿ’ ಎಂದೇ ನೆಲೆಗೊಂಡಿತು.