ನ್ಯೂಪೋರ್ಟಿನ ಹಳೆಯ ಮನೆಗಳೂ ಹದಿನೆಂಟು ಪೌಂಡಿನ ವೀಣೆಯೂ

ಇತಿಹಾಸದ ಪಾಠ ಮಾಡುವಾಗ ನಾನು ಮತ್ತೆ ಮತ್ತೆ ಕೇಳುತ್ತಿದ್ದ ಒಂದು ಪ್ರಶ್ನೆ ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು: “ಇದು ಏಕೆ ಉಳಿಯಿತು?” ಕೋಟೆಯನ್ನು ಯಾರು ಕಟ್ಟಿಸಿದರು ಎಂಬುದಕ್ಕಿಂತ, ಅಷ್ಟೊಂದು ಕೋಟೆಗಳು ಹಾಳಾದಾಗ ಇದೊಂದು ಏಕೆ ಉಳಿಯಿತು ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ ಎಂಬುದು ನನ್ನ ನಂಬಿಕೆ. ಕೆಲವು ವರ್ಷಗಳ ಹಿಂದೆ ಅಮೆರಿಕದಲ್ಲಿ ಮಗಳ ಮನೆಯ ಸಾಮಾನು ಕಟ್ಟಿಸುತ್ತಿದ್ದಾಗ ಅದೇ ಪ್ರಶ್ನೆ ನನಗೆ ಎದುರಾಯಿತು.

ಮಗಳು ಅಳಿಯ ಆಗ ರೋಡ್ ಐಲೆಂಡ್ ರಾಜ್ಯದ ನ್ಯೂಪೋರ್ಟ್ ಎಂಬ ಕಡಲೂರಿನಲ್ಲಿದ್ದರು. ಬಾಡಿಗೆಗೆ ಹಿಡಿದಿದ್ದ ಮನೆ ಹದಿನೆಂಟನೆಯ ಶತಮಾನದ್ದು. ಮರದ ತೊಲೆ, ಮರದ ಗೋಡೆ, ನಡುಮಧ್ಯದಲ್ಲಿ ಆನೆಗಾತ್ರದ ಇಟ್ಟಿಗೆಯ ಚಿಮಣಿ. ಬಾಗಿಲು ತೆರೆದೊಡನೆ ಆ ಚಿಮಣಿಗೆ ಅಂಟಿಕೊಂಡು ಸುತ್ತಿ ಸುತ್ತಿ ಏರುವ ಕಿರಿದಾದ ಮೆಟ್ಟಿಲು. ಎರಡು ಕೈಯಲ್ಲಿ ಎರಡು ಚೀಲ ಹಿಡಿದರೆ ಮೊಣಕೈ ಗೋಡೆಗೆ ತಾಗುತ್ತಿತ್ತು. ಬೀದಿಯುದ್ದಕ್ಕೂ ಇಂಥವೇ ಮನೆಗಳು. ಅಮೆರಿಕದ ಸ್ವಾತಂತ್ರ್ಯ ಸಮರಕ್ಕಿಂತ ಹಿಂದಿನ ಮನೆಗಳು ಅತಿ ಹೆಚ್ಚಿನ ಸಂಖ್ಯೆಯಲ್ಲಿ ಉಳಿದಿರುವ ಊರುಗಳಲ್ಲಿ ಇದೂ ಒಂದು.

ಇವು ಏಕೆ ಉಳಿದವು? 1639ರಲ್ಲಿ ಸ್ಥಾಪಿತವಾದ ಈ ಊರು ಹದಿನೆಂಟನೆಯ ಶತಮಾನದಲ್ಲಿ ದೊಡ್ಡ ಬಂದರಾಗಿತ್ತು. ಅದರ ಸಿರಿಯಲ್ಲಿ ಬಹುಪಾಲು ಬಂದದ್ದು ರಮ್ ಮದ್ಯದ ವ್ಯಾಪಾರದಿಂದ, ಗುಲಾಮರ ಮಾರಾಟದಿಂದ. ಈ ಸುಂದರ ಬಾಗಿಲುಗಳ ಹಿಂದೆ ಆ ಕಣ್ಣೀರೂ ಇದೆಯೆಂಬುದನ್ನು ಮರೆಯಬಾರದು. 1776ರ ಡಿಸೆಂಬರಿನಲ್ಲಿ ಬ್ರಿಟಿಷ್ ಸೇನೆ ಊರನ್ನು ಹಿಡಿದು 1779ರ ಅಕ್ಟೋಬರಿನವರೆಗೆ ಬೀಡುಬಿಟ್ಟಿತು. ಚಳಿಗಾಲದಲ್ಲಿ ಸೌದೆಯಿಲ್ಲದೆ ಸೈನಿಕರು ಮನೆಗಳನ್ನೇ ಕೆಡವಿ ಒಲೆಗೆ ಹಾಕಿದರು. 1780ರಲ್ಲಿ ರೋಶಾಂಬೋ ಎಂಬ ಸೇನಾಪತಿಯ ಫ್ರೆಂಚ್ ಪಡೆ ಬಂದಿಳಿದು, ಚಳಿಗಾಲ ಕಳೆಯಲು ಹಾಳಾದ ಮನೆಗಳನ್ನು ದುರಸ್ತಿ ಮಾಡಿಸಿತು. ಹೀಗೆ ಒಂದು ಸೇನೆ ಸುಟ್ಟದ್ದನ್ನು ಇನ್ನೊಂದು ಸೇನೆ ತಕ್ಕಮಟ್ಟಿಗೆ ಸರಿಪಡಿಸಿತು. ಆದರೆ ವ್ಯಾಪಾರ ಮಾತ್ರ ಹಿಂದಿನಂತೆ ಚೇತರಿಸಿಕೊಳ್ಳಲಿಲ್ಲ. ಹಳೆಯದನ್ನು ಕೆಡವಿ ಹೊಸದನ್ನು ಕಟ್ಟಲು ಜನರ ಕೈಯಲ್ಲಿ ಹಣವಿರಲಿಲ್ಲ. ಮುಂದೆ ಕೋಟ್ಯಧೀಶರು ಬಂದು ಅರಮನೆಗಳನ್ನು ಕಟ್ಟಿದ್ದು ಊರಿನ ಇನ್ನೊಂದು ದಿಕ್ಕಿನಲ್ಲಿ. ಬಂದರಿನ ಬಳಿಯ ಹಳೆಯ ಬೀದಿಗಳನ್ನು ಯಾರೂ ಮುಟ್ಟಲಿಲ್ಲ. ಶ್ರೀಮಂತಿಕೆ ಕಟ್ಟಿದ ಮನೆಗಳನ್ನು ಬಡತನ ಕಾಪಾಡಿತು.

ಈ ಊರಿಗೂ ನೌಕಾದಳಕ್ಕೂ ಇರುವ ನಂಟು ಒಂದು ಸಾಮಾನು ಸಾಗಣೆಯಿಂದಲೇ ಆರಂಭವಾಯಿತೆನ್ನಬಹುದು. 1861ರಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ, ಅನಾಪೊಲಿಸ್‌ನಲ್ಲಿದ್ದ ನೌಕಾ ಅಕಾಡೆಮಿಗೆ ಅಪಾಯ ತಟ್ಟೀತೆಂದು ವಿದ್ಯಾರ್ಥಿಗಳನ್ನು ‘ಕಾನ್‌ಸ್ಟಿಟ್ಯೂಷನ್’ ಎಂಬ ಹಡಗಿನಲ್ಲಿ ಕೂರಿಸಿ ಉತ್ತರಕ್ಕೆ ಕಳಿಸಿದರು. ಒಂದು ಇಡೀ ಶಾಲೆ ಗುಳೆ ಹೊರಟಿತು! ನ್ಯೂಪೋರ್ಟಿನಲ್ಲಿ ಮೊದಲು ಒಂದು ಕೋಟೆಯಲ್ಲಿ, ಆಮೇಲೆ ‘ಅಟ್ಲಾಂಟಿಕ್ ಹೌಸ್’ ಎಂಬ ಹೋಟೆಲಿನಲ್ಲಿ ತರಗತಿಗಳು ನಡೆದು, 1865ರಲ್ಲಿ ಅಕಾಡೆಮಿ ಹಿಂದಿರುಗಿತು. 1884ರಲ್ಲಿ ಸ್ಟೀಫನ್ ಲೂಸ್ ಎಂಬ ಅಧಿಕಾರಿ ನೌಕಾ ಯುದ್ಧ ಕಾಲೇಜನ್ನು ಇಲ್ಲಿಯೇ ತೆರೆದನು. ಅದಕ್ಕೆ ಸಿಕ್ಕ ಕಟ್ಟಡ ಊರಿನ ಹಳೆಯ ಅನಾಥಾಲಯ, ಅಂದರೆ ದಿಕ್ಕಿಲ್ಲದ ಬಡವರ ಆಶ್ರಯ. ಆಲ್ಫ್ರೆಡ್ ಮಹಾನ್ ಅಲ್ಲಿ ಮಾಡಿದ ಪಾಠಗಳೇ 1890ರಲ್ಲಿ ಗ್ರಂಥವಾಗಿ ಜಗತ್ತಿನ ನೌಕಾಪಡೆಗಳೆಲ್ಲ ಓದುವಂತಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಊರಿನ ತುಂಬ ನಾವಿಕರು. ಆದರೆ 1973ರಲ್ಲಿ ಇಲ್ಲಿದ್ದ ಕ್ರೂಸರ್ ಮತ್ತು ಡಿಸ್ಟ್ರಾಯರ್ ಹಡಗುಗಳನ್ನು ನಾರ್ಫೋಕ್ ಮೊದಲಾದ ದಕ್ಷಿಣದ ಬಂದರುಗಳಿಗೆ ವರ್ಗಾಯಿಸುವುದಾಗಿ ಸರ್ಕಾರ ಪ್ರಕಟಿಸಿತು. ಸಾವಿರಾರು ಸಂಸಾರಗಳು ಸಾಮಾನು ಕಟ್ಟಿದವು, ಅಂಗಡಿಗಳು ಮುಚ್ಚಿದವು. ಕಾಲೇಜು ಮಾತ್ರ ಉಳಿಯಿತು. ಹಡಗುಗಳು ಹೋದ ಮೇಲೆ ಊರು ಆಶ್ರಯಿಸಿದ್ದು ತನ್ನ ಹಳೆಯ ಮನೆಗಳನ್ನೇ. ಡೋರಿಸ್ ಡ್ಯೂಕ್ ಎಂಬ ಶ್ರೀಮಂತ ಮಹಿಳೆ 1968ರಲ್ಲಿ ಸ್ಥಾಪಿಸಿದ ಸಂಸ್ಥೆ ಅಷ್ಟರಲ್ಲಾಗಲೇ ಶಿಥಿಲ ಮನೆಗಳನ್ನು ಕೊಂಡು ಜೀರ್ಣೋದ್ಧಾರ ಮಾಡುತ್ತಿತ್ತು. 1993ರಲ್ಲಿ ಆಕೆ ತೀರಿಕೊಳ್ಳುವ ವೇಳೆಗೆ ಎಂಬತ್ತಕ್ಕೂ ಹೆಚ್ಚು ಕಟ್ಟಡಗಳು ಉಳಿದುಕೊಂಡಿದ್ದವು. ಕೆಲವು ಮನೆಗಳನ್ನು ಬುಡಸಮೇತ ಎತ್ತಿ ಬೇರೆ ನಿವೇಶನಕ್ಕೆ ತಂದಿರಿಸಿದರು. ಮರದ ಚೌಕಟ್ಟಿನ ಮನೆಯಾದ್ದರಿಂದ ಜಾಕ್ ಕೊಟ್ಟು ಎತ್ತಿ ಉರುಳಿಸಿಕೊಂಡು ಹೋಗುವುದು ಸಾಧ್ಯ. ಹಿಂದೆ ಈ ಕೆಲಸಕ್ಕೆ ಎತ್ತುಗಳನ್ನು ಕಟ್ಟುತ್ತಿದ್ದರಂತೆ.

ಇನ್ನು ನಮ್ಮ ಕಥೆ. ಅಳಿಯನ ಕಂಪನಿ ಅವನನ್ನು ವರ್ಗ ಮಾಡಿದ್ದು ಬೇರೆಲ್ಲಿಗೂ ಅಲ್ಲ, ಅದೇ ನಾರ್ಫೋಕಿಗೆ. ಹೊರಡಬೇಕಾದ ತಿಂಗಳು ಜೂನ್. ಅಮೆರಿಕದ ಸೇನಾ ಕುಟುಂಬಗಳಿಗೆ ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೊಮ್ಮೆ ವರ್ಗ. ಮಕ್ಕಳ ಶಾಲೆಗೆ ರಜೆಯಿರುವ ಬೇಸಗೆಯಲ್ಲೇ ಬಹುತೇಕ ಎಲ್ಲರೂ ಹೊರಡುತ್ತಾರೆ. ಸಾಗಣೆಯ ಖರ್ಚು ಸರ್ಕಾರದ್ದು, ತೂಕದ ಮಿತಿ ಮಾತ್ರ ಹುದ್ದೆಗೆ ತಕ್ಕಂತೆ: ಸಂಸಾರವಿಲ್ಲದ ಕೆಳಹಂತದ ಸಿಪಾಯಿಗೆ 5,000 ಪೌಂಡ್, ನೌಕಾದಳದ ಕ್ಯಾಪ್ಟನ್ ಹಾಗೂ ಮೇಲಿನವರಿಗೆ 18,000 ಪೌಂಡ್. ಎದುರುಮನೆಯ ಅಧಿಕಾರಿಯ ಹೆಂಡತಿ ಒಂದು ಟೇಬಲ್ಲಿನ ಅಡಿಭಾಗವನ್ನು ನನಗೆ ತೋರಿಸಿದರು. ಪ್ರತಿ ವರ್ಗದಲ್ಲೂ ಅಂಟಿಸಿದ ಸಂಖ್ಯೆಯ ಚೀಟಿಗಳು ಅಲ್ಲಿ ಒಂದರ ಪಕ್ಕ ಒಂದು ಹಾಗೆಯೇ ಇದ್ದವು. ಆ ಸಂಸಾರದ ಇತಿಹಾಸವೆಲ್ಲ ಒಂದು ಹಲಗೆಯ ಮೇಲೆ!

ಇಂಥ ಸುಗ್ಗಿಯಲ್ಲಿ ನಮ್ಮಂಥವರಿಗೆ ಒಳ್ಳೆಯ ಸಾಗಣೆಗಾರರು ಸಿಗುವುದು ಕಷ್ಟ. ಮಗಳು ಫೋನಿನಲ್ಲೇ ಕಡಿಮೆ ದರ ಹೇಳಿದವರೊಬ್ಬರಿಗೆ ಮುಂಗಡ ಕೊಟ್ಟುಬಿಟ್ಟಳು. ಅವರು ಮನೆಯನ್ನು ನೋಡಿರಲಿಲ್ಲ. ಹೇಳಿದ ದಿನ ಲಾರಿ ಬಂತು. ನಮ್ಮ ಗಲ್ಲಿಯೊಳಗೆ ತಿರುಗಲಿಲ್ಲ. ಮೆಟ್ಟಿಲು ನೋಡಿದವರೇ ಎರಡರಷ್ಟು ಹಣ ಕೇಳಿದರು. ಮಗಳು ಒಪ್ಪಲಿಲ್ಲ, ಅವರು ಮುಂಗಡದೊಡನೆ ಹೊರಟುಹೋದರು. ಆ ಸಂಜೆ ಪೆಟ್ಟಿಗೆಗಳ ನಡುವೆ ನಾವು ಮೊಸರನ್ನ ತಿಂದದ್ದು ಇನ್ನೂ ನೆನಪಿದೆ.

ಎರಡನೆಯವರನ್ನು ವಿಚಾರಿಸಿ ಗೊತ್ತುಮಾಡಿದೆವು. ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವವರು ಕೇಂದ್ರ ಸಾರಿಗೆ ಇಲಾಖೆಯಲ್ಲಿ ನೋಂದಣಿ ಪಡೆದಿರಬೇಕು. ಆ ಸಂಖ್ಯೆಯನ್ನು ನಾವೇ ಪರಿಶೀಲಿಸಬಹುದು. ಅವರ ಮೇಸ್ತ್ರಿ ಮುಂಚೆಯೇ ಬಂದು ಟೇಪು ಹಿಡಿದು ಬಾಗಿಲು, ಮೆಟ್ಟಿಲಿನ ತಿರುವು, ಕಿಟಕಿ ಎಲ್ಲ ಅಳೆದ. ಯಾವ ಮಂಚವನ್ನು ಬಿಚ್ಚಬೇಕು, ಯಾವ ಬೀರುವನ್ನು ಕಿಟಕಿಯಿಂದ ಇಳಿಸಬೇಕು ಎಂದು ಬರೆದುಕೊಂಡ. ಹಳೆಯ ನೆಲಹಲಗೆಗೆ ಗೀಚು ಬೀಳದಂತೆ ಕಂಬಳಿ ಹಾಸುವುದಾಗಿ ಹೇಳಿ, ಹೆಚ್ಚು ಕಡಿಮೆಯಾಗದ ಕರಾರು ದರವನ್ನು ಲಿಖಿತವಾಗಿ ಕೊಟ್ಟ.

ಕಾಗದದಲ್ಲಿ ಇನ್ನೊಂದು ಕಲಮು ಇತ್ತು. ಹೆಚ್ಚುವರಿ ಹಣ ಕೊಟ್ಟು ಪೂರ್ಣಮೌಲ್ಯದ ರಕ್ಷಣೆ ಪಡೆಯಬಹುದು. ಅದು ಬೇಡವೆಂದು ಸಹಿ ಹಾಕಿದರೆ, ವಸ್ತು ಹಾಳಾದಾಗ ಸಿಗುವ ಪರಿಹಾರ ಪೌಂಡಿಗೆ 60 ಸೆಂಟ್. ನನ್ನ ದೃಷ್ಟಿ ಮೂಲೆಯಲ್ಲಿದ್ದ ವೀಣೆಯ ಕಡೆ ಹೋಯಿತು. ತೀರಿಹೋದ ನನ್ನ ಪತ್ನಿಯದು ಅದು. ಬಚ್ಚಲ ತಕ್ಕಡಿಯಲ್ಲಿ ತೂಗಿದರೆ ಹದಿನೆಂಟು ಪೌಂಡ್. ಲೆಕ್ಕದ ಪ್ರಕಾರ 10 ಡಾಲರ್ 80 ಸೆಂಟ್.

“ಅಮ್ಮನ ವೀಣೆಗೆ ಹತ್ತು ಡಾಲರೇನಪ್ಪಾ?” ಎಂದಳು ಮಗಳು. ಪೂರ್ಣಮೌಲ್ಯವೇ ಇರಲಿ ಎಂದೆ. ಆದರೆ ಅದಕ್ಕೆ ಬೆಲೆ ಎಷ್ಟೆಂದು ಬರೆಯುವುದು? ಇಬ್ಬರೂ ಸುಮ್ಮನೆ ಕುಳಿತೆವು. ಆಗ ಮೇಸ್ತ್ರಿಯೇ ಕೇಳಿದ, ಇದರ ಮೆಟ್ಟಿಲುಗಳನ್ನು ಏತರಿಂದ ಕೂರಿಸಿದ್ದಾರೆಂದು. ಮೇಣದಿಂದ ಎಂದಳು ಮಗಳು. ಬೇಸಗೆಯಲ್ಲಿ ಮುಚ್ಚಿದ ಲಾರಿಯ ಒಳಗೆ ಮೇಣ ನಿಲ್ಲದು, ನಿಮ್ಮ ಕಾರಿನಲ್ಲೇ ಒಯ್ಯಿರಿ ಎಂದು ಅವನು ಪಟ್ಟಿಯಿಂದ ವೀಣೆಯನ್ನು ಹೊಡೆದುಹಾಕಿದ. ತನ್ನ ಸಂಪಾದನೆಯ ಒಂದು ಭಾಗವನ್ನು ಬಿಟ್ಟುಕೊಟ್ಟು ಸತ್ಯ ಹೇಳಿದ ಆ ಮನುಷ್ಯನನ್ನು ನಾನು ಮರೆತಿಲ್ಲ.

ಎಂಟುನೂರು ಕಿಲೋಮೀಟರಿಗೂ ಹೆಚ್ಚು ದೂರ ವೀಣೆ ಹಿಂದಿನ ಸೀಟಿನಲ್ಲಿ ನನ್ನ ಮಡಿಲ ಮೇಲೆ ಅಡ್ಡಲಾಗಿ ಮಲಗಿ ಬಂತು. ನಾರ್ಫೋಕ್ ಬಹುದೊಡ್ಡ ನೌಕಾನೆಲೆ. ಆದರೆ 1776ರ ಜನವರಿಯಲ್ಲಿ ಬ್ರಿಟಿಷರು ಗುಂಡು ಹಾರಿಸಿ, ಉಳಿದದ್ದನ್ನು ಸ್ವಾತಂತ್ರ್ಯಪಕ್ಷದ ಸೈನಿಕರೇ ಸುಟ್ಟು, ಹಳೆಯ ಊರೆಲ್ಲ ಬೂದಿಯಾಯಿತು. 1739ರ ಸೇಂಟ್ ಪಾಲ್ ಚರ್ಚು ಮಾತ್ರ ಗೋಡೆಯಲ್ಲಿ ಒಂದು ಫಿರಂಗಿಗುಂಡನ್ನು ಇಟ್ಟುಕೊಂಡು ನಿಂತಿದೆ. ಮಗಳ ಹೊಸ ಮನೆಗೆ ಅಗಲವಾದ ಮೆಟ್ಟಿಲು. ಸಾಮಾನು ಒಂದು ಗಂಟೆಯಲ್ಲಿ ಮೇಲೇರಿತು.

ನಾನು ವಾಪಸಾಗುವ ಮುನ್ನ ಮಗಳು ವೀಣೆಗೆ ಶ್ರುತಿ ಮಾಡಿದಳು. ಮೆಟ್ಟಿಲುಗಳೆಲ್ಲ ಸ್ವಸ್ಥಾನದಲ್ಲಿದ್ದವು. ಏಕೆ ಉಳಿಯಿತು ಎಂದು ಈಗ ಯಾರಾದರೂ ಕೇಳಿದರೆ, ಒಬ್ಬ ಮೇಸ್ತ್ರಿ ಮೇಣದ ವಿಷಯ ವಿಚಾರಿಸಿದ್ದರಿಂದ ಎಂದು ಉತ್ತರಿಸುತ್ತೇನೆ. ಬಂಧುಮಿತ್ರರಲ್ಲಿ ಯಾರಾದರೂ ಮನೆ ಬದಲಿಸುವವರಿದ್ದರೆ, ದರ ಕೇಳುವ ಮುನ್ನ ಬಂದವರು ನಿಮ್ಮ ಮೆಟ್ಟಿಲನ್ನು ಅಳೆಯುತ್ತಾರೆಯೇ ಎಂದು ನೋಡಿರಿ.